ಹೃದಯದ ಶಸ್ತ್ರಚಿಕಿತ್ಸೆಗೆ ಮುನ್ನ ಹಲ್ಲಿನ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯ ವಿಭಾಗದಿಂದ ನನ್ನ ಬಳಿಗೆ ಬರುವವರ ಕೈಯಲ್ಲಿ ಒಂದು ಚೀಟಿ ಇರುತ್ತದೆ: ‘ಶಸ್ತ್ರಚಿಕಿತ್ಸೆಗೆ ಮುನ್ನ ದಂತ ತಪಾಸಣೆ ಮಾಡಿ ತಿಳಿಸಿ’. ಜೊತೆಗೆ ಬಂದ ಮಗನೋ ಸೊಸೆಯೋ ಅದನ್ನು ಮುಂದೆ ಚಾಚಿ, ‘ಇದಕ್ಕೊಂದು ಸಹಿ ಹಾಕಿಬಿಡಿ ಡಾಕ್ಟರೇ, ಹಲ್ಲಿನ ತೊಂದರೆ ಏನೂ ಇಲ್ಲ’ ಎನ್ನುತ್ತಾರೆ. ಸಹಿ ಹಾಕುವುದು ಕಷ್ಟವಲ್ಲ. ಆದರೆ ಆ ಸಹಿಗೆ ಬೆಲೆ ಇರಬೇಕಾದರೆ ಬಾಯಿ ತೆರೆಸಿ ನೋಡಬೇಕು, ನೋಡಿದ ಮೇಲೆ ಒಮ್ಮೊಮ್ಮೆ ಬೇಡದ ಸುದ್ದಿಯನ್ನೂ ಹೇಳಬೇಕು. ಹಾಗೆ ಹೇಳುವಾಗಲೆಲ್ಲ ಎದುರಾಗುವ ಪ್ರಶ್ನೆಗಳು ಇಲ್ಲಿವೆ. ನಿಮ್ಮ ಹೃದಯದ ಸ್ಥಿತಿ ಪೂರ್ತಿ ಗೊತ್ತಿರುವುದು ನಿಮ್ಮ ವೈದ್ಯರಿಗೆ. ಇಲ್ಲಿ ಓದಿದ್ದನ್ನು ನಂಬಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಶುರು ಮಾಡಲೂಬೇಡಿ.

ಆಪರೇಷನ್ ಎದೆಗೆ, ನೋಡುವುದು ಬಾಯಿಯನ್ನೇ?

ಹೃದಯದಲ್ಲಿ ಹೊಸದಾಗಿ ಕೂರಿಸುವ ಕವಾಟದ (ವಾಲ್ವ್) ಸುತ್ತ ಬಟ್ಟೆಯಂಥ ಒಂದು ಉಂಗುರವಿರುತ್ತದೆ. ಹೊಲಿಗೆ ಬೀಳುವುದು ಅದರ ಮೇಲೆ. ದೇಹ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ಅದಕ್ಕೆ ತನ್ನದೇ ಪೊರೆ ಹೊದಿಸುತ್ತದೆ. ರಕ್ತದಲ್ಲಿ ತೇಲಿ ಬರುವ ಬ್ಯಾಕ್ಟೀರಿಯಾಗಳಿಗೆ ಇಂಥ ಒರಟು ಜಾಗ ಸಿಕ್ಕರೆ ಅಲ್ಲೇ ಅಂಟಿಕೊಂಡು, ಹೆಪ್ಪುಗಟ್ಟಿದ ರಕ್ತವನ್ನು ಮೇಲೆ ಹೊದ್ದು ಗೂಡು ಕಟ್ಟುತ್ತವೆ. ಇದೇ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪೊರೆಯ ಸೋಂಕು. ಆ ಗೂಡಿನೊಳಕ್ಕೆ ಔಷಧ ಇಳಿಯುವುದು ಕಷ್ಟ. ಕೃತಕ ಕವಾಟಕ್ಕೆ ಸೋಂಕು ತಗಲಿದರೆ ಸಾಮಾನ್ಯವಾಗಿ ಕನಿಷ್ಠ 6 ವಾರ ಆಂಟಿಬಯೋಟಿಕ್ ಕೊಡಬೇಕು. ಎಷ್ಟೋ ಸಲ ಎದೆಯನ್ನು ಮತ್ತೊಮ್ಮೆ ತೆರೆಯಬೇಕಾಗುತ್ತದೆ. ಎಂಡೋಕಾರ್ಡೈಟಿಸ್‌ನಿಂದ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಸುಮಾರು 15ರಿಂದ 30 ಮಂದಿ ಅಲ್ಲಿಂದ ಮನೆಗೆ ಮರಳುವುದಿಲ್ಲ.

ಎಲ್ಲ ತಪ್ಪನ್ನೂ ಬಾಯಿಯ ತಲೆಗೆ ಕಟ್ಟುವುದು ಸರಿಯಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಕಾಣುವ ಸೋಂಕಿಗೆ ಹೆಚ್ಚಾಗಿ ಚರ್ಮದ ಮೇಲಿನ ಅಥವಾ ಆಸ್ಪತ್ರೆಯಲ್ಲಿ ತಗಲಿದ ಸ್ಟೆಫೈಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳೇ ಕಾರಣ. ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್‌ಗಳ ಪಾಲು ಹೆಚ್ಚಾಗಿ ಕಾಣುವುದು ಆಮೇಲೆ, ತಿಂಗಳು ವರ್ಷಗಳು ಕಳೆದ ಮೇಲೆ. ಅಂದರೆ ಈ ತಪಾಸಣೆ ಆಪರೇಷನ್ ಮಾಡುವ ಆ ಒಂದು ದಿನಕ್ಕಷ್ಟೇ ಅಲ್ಲ. ಹೊಸ ಕವಾಟದೊಂದಿಗೆ ನೀವು ಬದುಕಬೇಕಾದ ಅಷ್ಟೂ ವರ್ಷಗಳಿಗೆ.

ಇನ್ನೊಂದು ಕಾರಣ ತೀರಾ ಸರಳ. ಅರಿವಳಿಕೆ ಕೊಟ್ಟ ಮೇಲೆ ಬಾಯಿಯ ಮೂಲಕ ಉಸಿರಾಟದ ಕೊಳವೆ ಇಳಿಸುತ್ತಾರೆ. ಹೃದಯವನ್ನು ಅನ್ನನಾಳದ ಕಡೆಯಿಂದ ನೋಡುವ ಎಕೋ ಉಪಕರಣವನ್ನೂ ಅಲ್ಲಿಂದಲೇ ಇಳಿಸುವುದುಂಟು. ಅಲ್ಲಾಡುವ ಮುಂದಿನ ಹಲ್ಲೊಂದು ಆಗ ಕಳಚಿ ಶ್ವಾಸಕೋಶಕ್ಕೆ ಜಾರಿದರೆ ಅದೇ ಬೇರೊಂದು ತುರ್ತು ಪರಿಸ್ಥಿತಿ.

ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಪುರಾವೆ ಇದೆಯೇ?

ಇದೆ, ಅದೂ ಹಳೆಯದು. 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ರಕ್ತವನ್ನು ಕೂಡಲೇ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ಇರುವುದನ್ನು ಕಂಡರು. 2008ರಲ್ಲಿ ಅಮೆರಿಕದಲ್ಲಿ 290 ಜನರ ಮೇಲೆ ನಡೆದ ಅಧ್ಯಯನದ ಅಂಕಿಗಳು ಇನ್ನೂ ಕುತೂಹಲಕರ. ಆಂಟಿಬಯೋಟಿಕ್ ಇಲ್ಲದೆ ಹಲ್ಲು ಕೀಳಿಸಿಕೊಂಡವರಲ್ಲಿ ನೂರಕ್ಕೆ 60 ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಮೊದಲೇ ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ 33 ಮಂದಿಯಲ್ಲಿ. ಮೂರನೆಯ ಗುಂಪಿನವರು ಮಾಡಿದ್ದು ಹಲ್ಲುಜ್ಜಿದ್ದಷ್ಟೇ. ಅವರಲ್ಲೂ 23 ಮಂದಿಯ ರಕ್ತದಲ್ಲಿ ಸಿಕ್ಕಿತು.

ಈ ಕೊನೆಯ ಅಂಕಿಯನ್ನು ಹೇಳಿದ ಕೂಡಲೇ ‘ಹಾಗಾದರೆ ಹಲ್ಲುಜ್ಜುವುದನ್ನೇ ಬಿಡಲೇ’ ಎಂದು ಕೇಳಿದವರಿದ್ದಾರೆ. ಬಿಡಬೇಡಿ. ಹಲ್ಲು ಕೀಳಿಸುವುದು ಜೀವನದಲ್ಲಿ ನಾಲ್ಕಾರು ಸಲ, ಉಜ್ಜುವುದು ದಿನಕ್ಕೆ ಎರಡು ಸಲ. ವಸಡು ಊದಿಕೊಂಡು ರಕ್ತ ಸೋರುತ್ತಿದ್ದರೆ ಪ್ರತಿ ಉಜ್ಜುವಿಕೆಯೂ, ಪ್ರತಿ ತುತ್ತನ್ನು ಅಗಿಯುವುದೂ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದ ಹಾಗೆ. ವಸಡು ಬಿಗಿಯಾಗಿದ್ದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ನನಗೆ ನೋವೇ ಇಲ್ಲವಲ್ಲ?

ನನ್ನನ್ನು ಹೆಚ್ಚು ಹೆದರಿಸುವವರು ನೋವಿಲ್ಲದವರೇ. ಹಲ್ಲಿನೊಳಗಿನ ನರ ಸತ್ತ ಮೇಲೆ ನೋವು ತಾನಾಗಿ ನಿಲ್ಲುತ್ತದೆ. ‘ಮೂರು ವರ್ಷದ ಹಿಂದೆ ವಿಪರೀತ ನೋವಿತ್ತು, ಆಮೇಲೆ ತಾನೇ ಹೋಯಿತು’ ಎಂದು ಯಾರಾದರೂ ಹೇಳಿದರೆ ನಾನು ಆ ಹಲ್ಲಿನ ಎಕ್ಸ್-ರೇಯನ್ನು ಎರಡು ಸಲ ನೋಡುತ್ತೇನೆ. ಬೇರಿನ ತುದಿಯ ಮೂಳೆ ಕರಗಿ ದುಂಡಗಿನ ಕಪ್ಪು ಮಚ್ಚೆ ಕಾಣುತ್ತದೆ. ಕೆಲವರಿಗೆ ಅದರ ಮೇಲಿನ ವಸಡಿನಲ್ಲಿ ಮೊಡವೆಯಷ್ಟೇ ಪುಟ್ಟ ಗುಳ್ಳೆ ಎದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ಒಂದು ಹನಿ ಕೀವು. ಕೀವು ಹೊರಬರಲು ದಾರಿ ಸಿಕ್ಕಿದ್ದರಿಂದಲೇ ಒತ್ತಡವಿಲ್ಲ, ನೋವಿಲ್ಲ. ಸೋಂಕು ಮಾತ್ರ ಇದ್ದಲ್ಲೇ ಇದೆ.

ವಸಡಿನ ರೋಗವೂ ಹೀಗೆಯೇ ಸದ್ದಿಲ್ಲದ್ದು. ಹಲ್ಲು ಅಲ್ಲಾಡುವವರೆಗೂ ಎಷ್ಟೋ ಜನರಿಗೆ ಅದರ ಸುಳಿವೇ ಇರುವುದಿಲ್ಲ.

ತಪಾಸಣೆಯಲ್ಲಿ ಏನೇನು ಮಾಡುತ್ತೀರಿ? ನೋವಾಗುತ್ತದೆಯೇ?

ನೋವಿನ ಮಾತಿಲ್ಲ. ಹೃದಯ ದುರ್ಬಲವಾಗಿರುವ ಕೆಲವರಿಗೆ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಕುರ್ಚಿಯನ್ನು ಪೂರ್ತಿ ಒರಗಿಸುವುದಿಲ್ಲ. ಮನೆಯಲ್ಲಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಎಂದು ಕೇಳಿದರೆ ಅದು ಹರಟೆಯಲ್ಲ, ಕುರ್ಚಿಯನ್ನು ಎಷ್ಟು ಬಾಗಿಸಬಹುದು ಎಂಬ ಲೆಕ್ಕ.

ಮೊದಲು ಓಪಿಜಿ ಎಂಬ ದೊಡ್ಡ ಎಕ್ಸ್-ರೇ. ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟು ನಿಂತರೆ ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೆಗೆಯುತ್ತದೆ. ಅನುಮಾನವಿದ್ದ ಹಲ್ಲಿಗೆ ಮಾತ್ರ ಪ್ರತ್ಯೇಕ ಸಣ್ಣ ಎಕ್ಸ್-ರೇ. ಆಮೇಲೆ ಬಾಯಿಯ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟುತ್ತೇನೆ. ಹತ್ತು ಹಲ್ಲಿಗೆ ಸುಮ್ಮನಿದ್ದವರು ಹನ್ನೊಂದನೆಯದಕ್ಕೆ ಕಣ್ಣು ಕಿರಿದು ಮಾಡಿದರೆ ಅಲ್ಲೇನೋ ಇದೆ ಎಂದೇ ಅರ್ಥ. ತಣ್ಣನೆಯ ಹತ್ತಿಯನ್ನು ಮುಟ್ಟಿಸಿ ನರ ಜೀವಂತವಾಗಿದೆಯೇ ನೋಡುತ್ತೇನೆ. ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿಯನ್ನು ವಸಡು ಮತ್ತು ಹಲ್ಲಿನ ಸಂದಿಗೆ ಇಳಿಸುತ್ತೇನೆ. 3 ಮಿಲಿಮೀಟರ್‌ವರೆಗೆ ಇಳಿದರೆ ಚಿಂತೆಯಿಲ್ಲ. 6, 7 ಎಂದು ಸಹಾಯಕಿಗೆ ಬರೆಸತೊಡಗಿದಾಗ ರೋಗಿಯ ಮುಖದಲ್ಲೂ ಪ್ರಶ್ನೆ ಮೂಡುತ್ತದೆ. ಕೊನೆಗೆ ಕೆನ್ನೆಯ ಒಳಭಾಗ, ನಾಲಿಗೆ, ನಾಲಿಗೆಯಡಿ ನೋಡಿ ಮುಗಿಸುತ್ತೇನೆ.

ಎಲ್ಲ ಸೇರಿ ಅರ್ಧ ಗಂಟೆ. ತರಬೇಕಾದ್ದು ಹೃದಯದ ವೈದ್ಯರ ಚೀಟಿ, ಇತ್ತೀಚಿನ ಎಕೋ ಮತ್ತು ರಕ್ತ ಪರೀಕ್ಷೆಯ ವರದಿ, ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಪಟ್ಟಿಯಾಗಿ ಅಲ್ಲ, ಮಾತ್ರೆಗಳೇ. ‘ಒಂದು ಬಿಳಿ, ಒಂದು ಗುಲಾಬಿ’ ಎಂಬ ವಿವರಣೆಯಿಂದ ನಾನು ಏನನ್ನೂ ತೀರ್ಮಾನಿಸಲಾರೆ.

ಬೈಪಾಸ್‌ಗೂ ಇದು ಬೇಕೇ, ಕವಾಟ ಬದಲಿಸುವವರಿಗೆ ಮಾತ್ರವೇ?

ಅತಿ ಮುಖ್ಯವಾಗುವುದು ಕವಾಟ ಬದಲಿಸುವವರಿಗೆ ಅಥವಾ ರಿಪೇರಿ ಮಾಡಿಸುವವರಿಗೆ. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಕವಾಟ ಕೂರಿಸಿದರೂ ಲೆಕ್ಕ ಒಂದೇ, ಏಕೆಂದರೆ ಒಳಗೆ ಉಳಿಯುವುದು ಕೃತಕ ವಸ್ತುವೇ. ಹೃದಯದ ಕಸಿ ಮಾಡಿಸಿಕೊಳ್ಳುವವರಿಗೂ ಅಷ್ಟೇ ಮುಖ್ಯ: ಆಮೇಲೆ ಬದುಕಿಡೀ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ ತೆಗೆದುಕೊಳ್ಳಬೇಕು, ಇಂದು ಸುಮ್ಮನಿರುವ ಸೋಂಕು ಆಗ ಸುಮ್ಮನಿರುವುದಿಲ್ಲ.

ಬೈಪಾಸ್‌ನಲ್ಲಿ ಬಳಸುವುದು ನಿಮ್ಮದೇ ರಕ್ತನಾಳ, ಹಾಗಾಗಿ ಎಂಡೋಕಾರ್ಡೈಟಿಸ್ ಭಯ ಅಷ್ಟಿಲ್ಲ. ಆದರೂ ಕೀವು ತುಂಬಿದ ಹಲ್ಲು, ಅಲ್ಲಾಡುವ ಹಲ್ಲು ಇದ್ದರೆ ಮೊದಲೇ ಗೊತ್ತಾಗಿರುವುದು ಒಳ್ಳೆಯದು.

ಎಷ್ಟು ದಿನ ಮೊದಲು ಬರಬೇಕು?

ಆಪರೇಷನ್ ಮಾಡಬೇಕೆಂದು ತೀರ್ಮಾನವಾದ ದಿನವೇ ಹಲ್ಲಿನ ವೈದ್ಯರ ಸಮಯವನ್ನೂ ಗೊತ್ತು ಮಾಡಿಕೊಳ್ಳಿ. ಕೃತಕ ಕವಾಟ ಕೂರಿಸುವುದಕ್ಕೆ ಕನಿಷ್ಠ 2 ವಾರ ಮೊದಲೇ ಹಲ್ಲಿನ ಸೋಂಕಿನ ಮೂಲಗಳನ್ನು ತೆಗೆದುಹಾಕಿರಬೇಕು, ತುರ್ತು ಇದ್ದರೆ ಮಾತ್ರ ವಿನಾಯಿತಿ ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2023ರ ಮಾರ್ಗಸೂಚಿ ಹೇಳುತ್ತದೆ. ಕಿತ್ತ ಜಾಗದಲ್ಲಿ ಮೂಳೆ ತುಂಬಲು ತಿಂಗಳುಗಳು ಬೇಕು, ಆದರೆ ಮೇಲಿನ ವಸಡು ಆ ಎರಡು ವಾರಗಳಲ್ಲಿ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ.

ನಡೆಯುವುದು ಮಾತ್ರ ಬೇರೆ. ಸೋಮವಾರ ಆಪರೇಷನ್ ಇಟ್ಟುಕೊಂಡು ಶುಕ್ರವಾರ ಸಂಜೆ ಚೀಟಿ ಹಿಡಿದು ಬರುತ್ತಾರೆ. ರಕ್ತ ಪರೀಕ್ಷೆ, ಎಕೋ, ಆಂಜಿಯೋಗ್ರಾಮ್ ಎಲ್ಲ ಮುಗಿದ ಮೇಲೆ ಪಟ್ಟಿಯ ತುದಿಯಲ್ಲಿ ಹಲ್ಲು ನೆನಪಾಗಿರುತ್ತದೆ. ಇದರಲ್ಲಿ ರೋಗಿಯ ತಪ್ಪು ಕಡಿಮೆ, ಹೇಳಬೇಕಾದ ನಮ್ಮವರದೇ ಹೆಚ್ಚು.

ಯಾವ ಹಲ್ಲನ್ನು ಕೀಳುತ್ತೀರಿ, ಯಾವುದನ್ನು ಬಿಡುತ್ತೀರಿ?

ಬಾಯಿಯನ್ನು ಹೊಸದರಂತೆ ಮಾಡಿ ಕಳಿಸುವುದು ಈ ತಪಾಸಣೆಯ ಕೆಲಸವಲ್ಲ. ಎಲ್ಲಿ ಕೆಂಡ ಇದೆ ಎಂದು ಹುಡುಕಿ ಅದನ್ನಷ್ಟೇ ಆರಿಸುವುದು ಕೆಲಸ.

ಬೇರಿನ ತುದಿಯಲ್ಲಿ ಕೀವು ಇದ್ದು ಉಳಿಸಲಾಗದಷ್ಟು ಹುಳುಕಾದ ಹಲ್ಲು, ಬೇರಿನ ಬಹುಪಾಲು ಮೂಳೆ ಕಳೆದುಕೊಂಡು ತೂಗಾಡುವ ಹಲ್ಲು, ಮುರಿದು ಬೇರಿನ ತುಂಡಷ್ಟೇ ಉಳಿದು ಸುತ್ತ ಸೋಂಕಿರುವುದು, ಅರ್ಧ ಮಾತ್ರ ಹೊರಬಂದು ಪದೇ ಪದೇ ಊದಿಕೊಳ್ಳುವ ಬುದ್ಧಿಹಲ್ಲು ಇವುಗಳ ವಿಷಯದಲ್ಲಿ ಹೆಚ್ಚು ಚರ್ಚೆಯಿಲ್ಲ. ಸಣ್ಣ ಹುಳುಕಿಗೆ ಸಮಯವಿದ್ದರೆ ಸಿಮೆಂಟ್ ತುಂಬುತ್ತೇವೆ, ಇಲ್ಲದಿದ್ದರೆ ತಾತ್ಕಾಲಿಕವಾಗಿ ಮುಚ್ಚುತ್ತೇವೆ. ಪಾಚಿ ಗಟ್ಟಿಯಾಗಿ ಕಟ್ಟಿದ್ದರೆ ಸ್ಕೇಲಿಂಗ್.

ಬಿಡುವುದನ್ನು ಕಲಿಯಲು ನನಗೆ ಹೆಚ್ಚು ಕಾಲ ಬೇಕಾಯಿತು. ಮೂಳೆಯೊಳಗೆ ಆಳದಲ್ಲಿ ಹೂತು ಮಲಗಿ ಯಾರ ತಂಟೆಗೂ ಬಾರದ ಬುದ್ಧಿಹಲ್ಲನ್ನು ಬಿಡುತ್ತೇನೆ. ಹತ್ತು ವರ್ಷದ ಹಿಂದೆ ರೂಟ್ ಕೆನಾಲ್ ಆಗಿ ಈಗ ಎಕ್ಸ್-ರೇಯಲ್ಲಿ ನಿರ್ಮಲವಾಗಿ ಕಾಣುವ ಹಲ್ಲನ್ನು ಬಿಡುತ್ತೇನೆ. ಸವೆದ ಹಲ್ಲು, ಸೊಟ್ಟ ಹಲ್ಲು, ಹಳದಿ ಹಲ್ಲು ಯಾವುದೂ ಹೃದಯಕ್ಕೆ ಸಂಬಂಧಪಟ್ಟದ್ದಲ್ಲ. ಇವನ್ನೂ ಈಗಲೇ ಮಾಡಿಸಿಬಿಡಿ ಎಂದು ಯಾರಾದರೂ ಒತ್ತಾಯಿಸಿದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ರೂಟ್ ಕೆನಾಲ್ ಮಾಡಿ ಉಳಿಸಬಾರದೇ? ಕೀಳಲೇಬೇಕೇ?

ಹಲ್ಲು ಗಟ್ಟಿಯಾಗಿದ್ದು ಸಮಯವೂ ಇದ್ದರೆ ಉಳಿಸಬಹುದು. ಒಂದೇ ಬೇರಿನ ಮುಂದಿನ ಹಲ್ಲನ್ನು ಒಂದೇ ಸಲದಲ್ಲಿ ಮುಗಿಸಲೂ ಆದೀತು. ತೊಡಕು ಬರುವುದು ಹಿಂದಿನ ದವಡೆ ಹಲ್ಲುಗಳಲ್ಲಿ. ಮೂರು ನಾಲ್ಕು ಕಾಲುವೆಗಳಿರುತ್ತವೆ, ಎರಡು ಮೂರು ಸಲ ಬರಬೇಕಾಗುತ್ತದೆ, ಬೇರಿನ ತುದಿಯ ಮಚ್ಚೆ ವಾಸಿಯಾಯಿತೇ ಎಂದು ತಿಳಿಯಲು ಆರು ತಿಂಗಳಾದರೂ ಕಾಯಬೇಕು. ಕವಾಟಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಚಿಕಿತ್ಸೆ ಅರ್ಧದಲ್ಲಿರುವಾಗ ಆಪರೇಷನ್ ದಿನ ಬಂದರೆ ಸೋಂಕಿತ ಹಲ್ಲನ್ನು ಬಾಯಿಯಲ್ಲಿಟ್ಟುಕೊಂಡೇ ಒಳಗೆ ಹೋದಂತಾಗುತ್ತದೆ. ಆದ್ದರಿಂದ ಅನುಮಾನದ ಹಲ್ಲಿನ ಬಗ್ಗೆ ಇಲ್ಲಿ ನಾವು ಸಾಮಾನ್ಯಕ್ಕಿಂತ ಕಠಿಣ. ಬೇರೆ ಸಂದರ್ಭದಲ್ಲಾಗಿದ್ದರೆ ನಾನೇ ‘ಪ್ರಯತ್ನಿಸೋಣ’ ಎನ್ನುತ್ತಿದ್ದ ಹಲ್ಲನ್ನು ಇಲ್ಲಿ ಕೀಳುತ್ತೇನೆ.

ಹೃದಯ ಇಷ್ಟು ಕೆಟ್ಟಿರುವಾಗ ಹಲ್ಲು ಕೀಳಿಸುವುದೇ ಅಪಾಯವಲ್ಲವೇ?

ಈ ಪ್ರಶ್ನೆ ಕೇಳಿದವರಿಗೆ ನಾನು ಎದ್ದು ನಿಂತು ಉತ್ತರಿಸಬೇಕು. ಅಪಾಯವಿದೆ. ಮೇಯೊ ಕ್ಲಿನಿಕ್‌ನ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಮುನ್ನ ಹಲ್ಲು ಕೀಳಿಸಿಕೊಂಡ 205 ಮಂದಿಯ ದಾಖಲೆಗಳನ್ನು ನೋಡಲಾಯಿತು. ಅವರಲ್ಲಿ ನೂರಕ್ಕೆ 8 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವಿನಂಥ ಗಂಭೀರ ಪರಿಣಾಮಗಳಾಗಿದ್ದವು. ಆ 205 ಮಂದಿಯಲ್ಲಿ 6 ಮಂದಿ ಹೃದಯದ ಆಪರೇಷನ್ ನಡೆಯುವ ಮೊದಲೇ ತೀರಿಕೊಂಡಿದ್ದರು. ಹಲ್ಲು ಕೀಳಿಸದೇ ಇದ್ದವರ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿದ ಅಧ್ಯಯನ ಅದಲ್ಲ, ಆದ್ದರಿಂದ ಸತ್ತವರು ಹಲ್ಲಿನಿಂದಲೇ ಸತ್ತರು ಎನ್ನಲಾಗದು. ಅವರ ಹೃದಯವೇ ಅಷ್ಟು ಜೀರ್ಣವಾಗಿತ್ತು. ಆದರೂ ‘ಹಲ್ಲು ಕೀಳುವುದು ಏನು ಮಹಾ’ ಎಂಬ ಧೋರಣೆ ಬಿಡಲು ಆ ಅಂಕಿ ಸಾಕು.

ಹಲ್ಲು ಕೀಳಿಸಿದ್ದರಿಂದ ಆಮೇಲೆ ಎಷ್ಟು ಎಂಡೋಕಾರ್ಡೈಟಿಸ್ ತಪ್ಪಿತು ಎಂಬುದಕ್ಕೆ ಗಟ್ಟಿಯಾದ ಪುರಾವೆಯೂ ಕಡಿಮೆಯೇ. ಹಾಗಾಗಿ ನಿರ್ಧಾರ ಒಬ್ಬರದ್ದಾಗಬಾರದು. ಹೃದಯದ ಶಸ್ತ್ರವೈದ್ಯರಿಗೆ ನಾನು ಫೋನ್ ಮಾಡಿ ಕೇಳುವ ಮೊದಲ ಮಾತು: ‘ನಮ್ಮ ಕೈಯಲ್ಲಿ ಎಷ್ಟು ದಿನವಿದೆ?’ ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರುವವರಿಗೆ, ವಿಶ್ರಾಂತಿಯಲ್ಲೂ ಎದೆನೋವು ಬರುವವರಿಗೆ ಹೊರರೋಗಿ ಕುರ್ಚಿಯಲ್ಲಿ ಹಲ್ಲು ಕೀಳುವುದಿಲ್ಲ. ಆಸ್ಪತ್ರೆಗೆ ಸೇರಿಸಿಕೊಂಡು, ಮಾನಿಟರ್ ಜೋಡಿಸಿ, ಅರಿವಳಿಕೆ ತಜ್ಞರನ್ನು ಪಕ್ಕದಲ್ಲಿರಿಸಿಕೊಂಡು, ಆ ಜಾಗಕ್ಕಷ್ಟೇ ಮರಗಟ್ಟಿಸಿ ಕೀಳುತ್ತೇವೆ. ಒಂದೇ ದಿನ ಎಂಟು ಹಲ್ಲು ಕೀಳುವ ಬದಲು ನಿಜವಾಗಿ ತೊಂದರೆ ಕೊಡುವ ಎರಡನ್ನು ಕೀಳುವುದು ಜಾಣತನ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಬೇಕೇ?

ನೀವಾಗಿ ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಕ್ಕೆಂದು ಯಾರನ್ನೂ ಕೇಳದೆ ಐದು ದಿನ ಮಾತ್ರೆ ಬಿಟ್ಟು ಬಂದವರನ್ನು ನೋಡಿದ್ದೇನೆ. ನನ್ನ ಪಾಲಿಗೆ ಅದು ಹಲ್ಲಿಗಿಂತ ದೊಡ್ಡ ಗಾಬರಿ.

ವಸಡಿನ ರಕ್ತಸ್ರಾವವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್‌ನಲ್ಲೋ ಮೆದುಳಿನಲ್ಲೋ ಕಟ್ಟಿದ ಹೆಪ್ಪನ್ನು ಹಾಗೆ ಬಿಡಿಸಲಾಗದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೂ ಸಾಮಾನ್ಯವಾಗಿ ಅವನ್ನು ನಿಲ್ಲಿಸದೆ ಹಲ್ಲು ಕೀಳುತ್ತೇವೆ. ವಾರ್ಫರಿನ್ ಇದ್ದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆ ಬೇಕು, ಸಾಧ್ಯವಾದರೆ ಹಿಂದಿನ 24 ಗಂಟೆಯೊಳಗಿನದು. 4ಕ್ಕಿಂತ ಕೆಳಗಿದ್ದರೆ ಮಾತ್ರೆ ನಿಲ್ಲಿಸದೆ ಕೀಳಬಹುದು ಎಂಬುದು ಬ್ರಿಟನ್ನಿನ ಮಾರ್ಗಸೂಚಿ, 3.5 ದಾಟಿದರೆ ಹಿಂಜರಿಯುವವರೂ ಇದ್ದಾರೆ, ನಾನೂ ಅವರಲ್ಲೊಬ್ಬ. ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಗಳಲ್ಲಿ ಆ ಬೆಳಗಿನ ಒಂದು ಡೋಸನ್ನು ಬಿಡಲು ಅಥವಾ ತಡಮಾಡಲು ವೈದ್ಯರು ಹೇಳಬಹುದು.

ಕಿತ್ತ ಜಾಗಕ್ಕೆ ಕರಗುವ ಸ್ಪಂಜಿನ ತುಂಡಿಟ್ಟು ಹೊಲಿಗೆ ಹಾಕುತ್ತೇವೆ. ಮೇಲೆ ಹತ್ತಿ. ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಐದು ನಿಮಿಷಕ್ಕೊಮ್ಮೆ ತೆಗೆದು ‘ನಿಂತಿತೇ’ ಎಂದು ನೋಡಿದರೆ ಖಂಡಿತ ನಿಲ್ಲುವುದಿಲ್ಲ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ. ಎಂಜಲಿನ ಜೊತೆ ಸ್ವಲ್ಪ ರಕ್ತ ಬೆರೆತರೂ ಬಾಯಿ ತುಂಬ ರಕ್ತದಂತೆ ಕಾಣುತ್ತದೆ, ಗಾಬರಿ ಬೇಡ. ನೋವಿಗೆ ಪ್ಯಾರಸಿಟಮಾಲ್. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ: ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ, ದುರ್ಬಲ ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವಲ್ಲ.

ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅಡ್ರಿನಲಿನ್ ಇರುತ್ತದಂತೆ?

ಇರುತ್ತದೆ. ಅದು ಹೃದಯದ ಬಡಿತವನ್ನು ಏರಿಸಬಲ್ಲದು, ಆದ್ದರಿಂದ ಅಳತೆ ಮೀರದಂತೆ ಬಳಸುತ್ತೇವೆ. ಹೃದ್ರೋಗಿಗಳಿಗೆ ಒಂದು ಭೇಟಿಯಲ್ಲಿ 0.04 ಮಿಲಿಗ್ರಾಂ ಎಂಬುದು ರೂಢಿಯ ಮಿತಿ. ಲಕ್ಷಕ್ಕೆ ಒಂದರ ಪ್ರಮಾಣದ ಮದ್ದಿನಲ್ಲಿ ಇದು ಸುಮಾರು ಎರಡು ಕಾರ್ಟ್ರಿಜ್, ಅಂದರೆ ಸಿರಿಂಜಿಗೆ ಹಾಕುವ ಮದ್ದಿನ ಎರಡು ಪುಟ್ಟ ಕೊಳವೆ. ಸರಿಯಾಗಿ ಮರಗಟ್ಟದೆ ನೋವು ತಿಂದರೆ ನಿಮ್ಮ ದೇಹವೇ ಅದಕ್ಕಿಂತ ಹೆಚ್ಚು ಅಡ್ರಿನಲಿನ್ ಸುರಿಯುತ್ತದೆ. ಆದ್ದರಿಂದ ನೋವಾದರೆ ಸಹಿಸಬೇಡಿ, ಕೈ ಎತ್ತಿ.

ಮೊದಲೇ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕೇ?

ಎಲ್ಲರಿಗೂ ಬೇಡ. ಅಮೆರಿಕದ ಹೃದಯ ಸಂಘ 1955ರಲ್ಲಿ ಮೊದಲ ಸಲ ಇಂಥ ಸಲಹೆ ಕೊಟ್ಟಿತು, ಆಮೇಲೆ ದಶಕಗಳ ಕಾಲ ಪಟ್ಟಿ ಉದ್ದವಾಗಿಯೇ ಇತ್ತು. 2007ರಲ್ಲಿ ಅದನ್ನು ಕತ್ತರಿಸಿ, ಸೋಂಕು ತಗಲಿದರೆ ಅತಿ ಹೆಚ್ಚು ಹಾನಿಯಾಗುವವರನ್ನಷ್ಟೇ ಉಳಿಸಿಕೊಂಡರು: ಕೃತಕ ಕವಾಟವಿರುವವರು, ಹಿಂದೊಮ್ಮೆ ಎಂಡೋಕಾರ್ಡೈಟಿಸ್ ಆದವರು, ಹುಟ್ಟಿನಿಂದ ಬಂದ ಕೆಲವು ಬಗೆಯ ಹೃದಯದ ದೋಷವಿರುವವರು, ಕಸಿ ಮಾಡಿದ ಹೃದಯದ ಕವಾಟ ಕೆಟ್ಟಿರುವವರು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2008ರಲ್ಲಿ ಯಾರಿಗೂ ಬೇಡ ಎಂದಿತು, 2016ರಲ್ಲಿ ‘ವಾಡಿಕೆಯಾಗಿ ಬೇಡ’ ಎಂದು ಮಾತನ್ನು ಸ್ವಲ್ಪ ಸಡಿಲಿಸಿತು. ತಜ್ಞರಲ್ಲೇ ಒಮ್ಮತವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೂ ಕೃತಕ ಕವಾಟ ಹಾಕಿಸಿಕೊಳ್ಳದವರು ಕೇವಲ ಕವಾಟ ಕೆಟ್ಟಿದೆ ಎಂಬ ಕಾರಣಕ್ಕೆ ಈ ಪಟ್ಟಿಯಲ್ಲಿ ಬರುವುದಿಲ್ಲ. ಆದರೂ ಕೆಲವು ಶಸ್ತ್ರವೈದ್ಯರು ಕೊಡಿಸುತ್ತಾರೆ, ಅದು ಅವರ ವಿವೇಚನೆ. ಬೈಪಾಸ್, ಸ್ಟೆಂಟ್, ಪೇಸ್‌ಮೇಕರ್ ಇದ್ದ ಮಾತ್ರಕ್ಕೆ ಬೇಕಿಲ್ಲ.

ಬೇಕಾದವರಿಗೆ ಒಂದೇ ಡೋಸ್: ವಯಸ್ಕರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂ, ಚಿಕಿತ್ಸೆಗೆ 30ರಿಂದ 60 ನಿಮಿಷ ಮೊದಲು. ಮರೆತುಹೋದರೆ ಚಿಕಿತ್ಸೆಯಾಗಿ 2 ಗಂಟೆಯೊಳಗೆ ಕೊಡಬಹುದು. ಪೆನ್ಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಗಳಿವೆ. ಹಿಂದೆ ಕ್ಲಿಂಡಮೈಸಿನ್ ಕೊಡುತ್ತಿದ್ದರು, 2021ರಿಂದ ಅಮೆರಿಕದ ಸಂಘ ಅದನ್ನು ಕೈಬಿಟ್ಟಿದೆ. ರುಮ್ಯಾಟಿಕ್ ಜ್ವರಕ್ಕೆಂದು ನಿಯಮಿತವಾಗಿ ಪೆನ್ಸಿಲಿನ್ ತೆಗೆದುಕೊಳ್ಳುತ್ತಿರುವವರು ಅದನ್ನು ತಪ್ಪದೆ ಹೇಳಬೇಕು. ಅವರ ಬಾಯಿಯ ಬ್ಯಾಕ್ಟೀರಿಯಾಗಳಿಗೆ ಅದು ಅಭ್ಯಾಸವಾಗಿರಬಹುದು, ಬೇರೆ ವರ್ಗದ ಔಷಧವನ್ನು ಆರಿಸಬೇಕಾಗುತ್ತದೆ.

ರುಮ್ಯಾಟಿಕ್ ಜ್ವರ ತರುವ ಬ್ಯಾಕ್ಟೀರಿಯಾವೂ ಹಲ್ಲಿನದೂ ಒಂದೇ?

ಅಲ್ಲ. ಎರಡೂ ಸ್ಟ್ರೆಪ್ಟೊಕಾಕಸ್ ವಂಶದವು, ದಾಯಾದಿಗಳೆನ್ನಿ. ರುಮ್ಯಾಟಿಕ್ ಜ್ವರಕ್ಕೆ ಮೊದಲಾಗುವುದು ಗಂಟಲಿನ ಸೋಂಕು. ಅದರ ವಿರುದ್ಧ ದೇಹ ಹೂಡುವ ಹೋರಾಟವೇ ದಾರಿ ತಪ್ಪಿ ಕವಾಟವನ್ನು ಗಾಯಗೊಳಿಸುತ್ತದೆ. ಹಲ್ಲಿನ ಪಾಚಿಯಲ್ಲಿರುವುದು ಬೇರೆ ಜಾತಿ. ಅದು ಕವಾಟದ ಮೇಲೆ ತಾನೇ ಹೋಗಿ ಕೂರುತ್ತದೆ.

ಬಾಯಲ್ಲಿ ಒಂದೂ ಹಲ್ಲಿಲ್ಲ, ಪೂರ್ತಿ ಹಲ್ಲುಸೆಟ್. ನಾನೂ ಬರಬೇಕೇ?

ಬನ್ನಿ. ಹಿರಿಯರೊಬ್ಬರು ಇದೇ ಮಾತು ಹೇಳುತ್ತ, ಒಳಗೆ ಬರಲೂ ಮನಸ್ಸಿಲ್ಲದೆ ಬಾಗಿಲಲ್ಲೇ ನಿಂತಿದ್ದರು. ಹಲ್ಲುಸೆಟ್ ತೆಗೆಸಿದಾಗ ಮೇಲಿನ ವಸಡು ನುಣ್ಣಗಿತ್ತು, ಒಂದೇ ಒಂದು ಕಡೆ ಅಕ್ಕಿಕಾಳಿನಷ್ಟು ಕೆಂಪು. ಓಪಿಜಿಯಲ್ಲಿ ಅದರಡಿ ಅರ್ಧ ಇಂಚಿನ ಬೇರಿನ ತುಂಡು, ಸುತ್ತ ಕಪ್ಪು ಮಚ್ಚೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಕೀಳುವಾಗ ಮುರಿದು ಉಳಿದದ್ದು. ‘ಅಷ್ಟು ದಿನ ನನ್ನ ಜೊತೆಗೇ ಇತ್ತೇ’ ಎಂದು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು. ಹಲ್ಲುಸೆಟ್ ಒತ್ತಿ ಆದ ಹುಣ್ಣು, ಅದರಡಿ ಬೆಳೆಯುವ ಶಿಲೀಂಧ್ರ ಇವೂ ಸಿಗುತ್ತವೆ, ಇವಕ್ಕೆ ಪರಿಹಾರ ಸುಲಭ.

ಹೃದಯದ ಮಾತ್ರೆಯಿಂದ ಬಾಯಿ ಕೆಡುತ್ತದೆಯೇ?

ಕೆಲವರಿಗೆ. ಆಮ್ಲೊಡಿಪಿನ್, ನಿಫೆಡಿಪಿನ್‌ನಿಂದ ವಸಡು ಉಬ್ಬಿ ಹಲ್ಲಿನ ಮೇಲೆ ಏರಬಹುದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಒಣ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಎದೆನೋವಿಗೆ ಕೊಡುವ ನಿಕೊರಾಂಡಿಲ್‌ನಿಂದ ವಾಸಿಯಾಗದ ಬಾಯಿಹುಣ್ಣು ಬರುವುದುಂಟು. ಇವನ್ನು ಬದಲಿಸುವುದು ಬಿಡುವುದು ಹೃದಯದ ವೈದ್ಯರ ಕೆಲಸ.

ಮಗುವಿಗೆ ಹೃದಯದ ಆಪರೇಷನ್. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ?

ಬೀಳುವವರೆಗೆ ಅದರ ಬೇರೂ ಮೂಳೆಯಲ್ಲೇ ಇರುತ್ತದೆ, ಅದರ ಕೀವೂ ರಕ್ತಕ್ಕೇ ಸೇರುತ್ತದೆ. ದೊಡ್ಡವರ ಹಲ್ಲನ್ನು ಉಳಿಸಲು ಪಡುವ ಪಾಡನ್ನು ಇಲ್ಲಿ ಪಡುವುದಿಲ್ಲ. ನರದವರೆಗೆ ಹುಳುಕಾದ ಹಾಲುಹಲ್ಲನ್ನು ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕಿತ್ತೇ ಬಿಡುತ್ತೇವೆ. ಸಿಹಿ ಸಿರಪ್‌ಗಳು ಇಲ್ಲೊಂದು ಸಮಸ್ಯೆ. ತಿಂಗಳುಗಟ್ಟಲೆ ರಾತ್ರಿ ಸಿರಪ್ ಕುಡಿಸಿ ಮಲಗಿಸಿದರೆ ಮುಂದಿನ ಹಲ್ಲುಗಳು ಸಾಲಾಗಿ ಹುಳುಕಾಗುತ್ತವೆ. ಕುಡಿಸಿದ ಮೇಲೆ ಒಂದು ಗುಟುಕು ನೀರು ಕೊಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಾಲುಹಲ್ಲು ತಾನಾಗಿ ಉದುರಿದರೆ ಆಂಟಿಬಯೋಟಿಕ್ ಬೇಕಿಲ್ಲ.

ದವಡೆ ನೋವು ಹೃದಯದ್ದೇ ಆಗಿರಬಹುದೇ?

ಆಗಿರಬಹುದು. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು, ನಿಂತರೆ ಹೋಗುವ ಕೆಳದವಡೆಯ ನೋವು ಹಲ್ಲಿನದಲ್ಲ. ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ, ತಟ್ಟಿದರೆ ಯಾವ ಹಲ್ಲೂ ನೋಯದಿದ್ದರೆ ನಾನು ಹಲ್ಲನ್ನು ಬಿಟ್ಟು ಇಸಿಜಿಗೆ ಕಳಿಸುತ್ತೇನೆ.

ವಸಡಿನ ರೋಗದಿಂದಲೇ ಹೃದಯಾಘಾತವಾಗುತ್ತದೆಯೇ?

ಎರಡೂ ಒಟ್ಟಿಗೆ ಕಾಣುವುದು ನಿಜ. ಒಂದರಿಂದ ಇನ್ನೊಂದು ಎಂದು ಸಾಬೀತಾಗಿಲ್ಲ ಎಂದು ಅಮೆರಿಕದ ಹೃದಯ ಸಂಘ 2012ರಲ್ಲೇ ಹೇಳಿದೆ. ಧೂಮಪಾನ, ಸಕ್ಕರೆ ಕಾಯಿಲೆ ಎರಡಕ್ಕೂ ಸಮಾನ ಕಾರಣಗಳು. ‘ವಸಡು ಶುಚಿ ಮಾಡಿಸಿದರೆ ಹೃದಯಾಘಾತ ಬಾರದು’ ಎಂಬ ಜಾಹೀರಾತನ್ನು ನಂಬಬೇಡಿ.

ತಪಾಸಣೆಗೆ ಸಮಯವೇ ಇಲ್ಲದಷ್ಟು ತುರ್ತಾದರೆ?

ಹೃದಯವೇ ಮೊದಲು. ಮಹಾಪಧಮನಿ ಸೀಳಿದವರ ಹಲ್ಲು ನೋಡುತ್ತ ಯಾರೂ ಕೂರುವುದಿಲ್ಲ. ಅಲ್ಲಾಡುವ ಹಲ್ಲಿದ್ದರೆ ಅರಿವಳಿಕೆ ತಜ್ಞರಿಗೆ ಒಂದು ಮಾತು ತಿಳಿಸಿದರೆ ಸಾಕು, ಉಳಿದದ್ದು ಚೇತರಿಸಿಕೊಂಡ ಮೇಲೆ.

ಆಪರೇಷನ್ ದಿನ ಬಾಯಿಗೆ ಏನು ಮಾಡಬೇಕು?

ಹಿಂದಿನ ರಾತ್ರಿಯೂ ಆ ಬೆಳಿಗ್ಗೆಯೂ ಮೃದು ಬ್ರಷ್‌ನಿಂದ ಉಜ್ಜಿ, ನೀರು ನುಂಗಬೇಡಿ. ಅನೇಕ ಕಡೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಮುಕ್ಕಳಿಸಲು ಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ನ್ಯುಮೋನಿಯಾ ಕಡಿಮೆಯಾಗಲೆಂದು. ಹಲ್ಲುಸೆಟ್ ಅನ್ನು ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡಿ. ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ಸೆಟ್‌ಗಳು ಕಸದ ಬುಟ್ಟಿ ಸೇರುವುದು ಆಸ್ಪತ್ರೆಗಳ ನಿತ್ಯದ ಕಥೆ.

ಆಪರೇಷನ್ ಆದ ಮೇಲೆ ಮತ್ತೆ ಯಾವಾಗ ಬರಬೇಕು?

ಅವಸರವಿಲ್ಲದ ಚಿಕಿತ್ಸೆಗಳನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳು ಮುಂದೂಡುತ್ತಾರೆ. ನೋವು, ಊತ ಬಂದರೆ ಮಾತ್ರ ಕಾಯಬೇಡಿ. ಆಮೇಲೆ ಆರು ತಿಂಗಳಿಗೊಮ್ಮೆ. ಪ್ರತಿ ಸಲವೂ, ನಾನೇ ನಿಮ್ಮನ್ನು ಹತ್ತು ವರ್ಷದಿಂದ ನೋಡುತ್ತಿದ್ದರೂ, ಕುರ್ಚಿಯಲ್ಲಿ ಕೂರುವ ಮೊದಲು ‘ನನಗೆ ಕೃತಕ ಕವಾಟವಿದೆ’ ಎಂದು ಹೇಳಿ.

ಯಾವ ಜ್ವರಕ್ಕೆ ಹೆದರಬೇಕು?

ಕೃತಕ ಕವಾಟವಿರುವವರಿಗೆ ಕಾರಣ ಗೊತ್ತಾಗದ ಜ್ವರ ಮೂರು ನಾಲ್ಕು ದಿನ ಬಿಡದಿದ್ದರೆ, ಸಂಜೆಯ ಚಳಿ, ರಾತ್ರಿ ಬೆವರು, ತೂಕ ಇಳಿಯುವುದು, ಉಸಿರು ಸಾಲದಂತಾಗುವುದು ಜೊತೆಗೂಡಿದರೆ ಹೃದಯದ ವೈದ್ಯರ ಬಳಿಗೇ ಹೋಗಿ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಎರಡು ದಿನ ನುಂಗಿ ನೋಡುವುದು ಬೇಡ. ಜ್ವರ ಇಳಿಯುತ್ತದೆ, ರಕ್ತದಲ್ಲಿನ ಬ್ಯಾಕ್ಟೀರಿಯಾ ಅಡಗುತ್ತದೆ, ಕವಾಟದ ಮೇಲಿನದು ಉಳಿಯುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಎಷ್ಟು ಹುಡುಕಿದರೂ ಅದು ಯಾವ ಜಾತಿಯದೆಂದು ಸಿಗದೆ ಹೋಗಬಹುದು. ಮೊದಲು ರಕ್ತವನ್ನು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್‌ಗೆ ಕೊಡಿ, ಅದೂ ಬೇರೆ ಬೇರೆ ಜಾಗದಿಂದ ಮೂರು ಸಲ. ಮಾತ್ರೆ ಅದಾದ ಮೇಲೆ.